ಗಾಳಿಗೊಂದು ಕಿಂಡಿ

ನಮ್ಮೂರು ಹೂಲಿಗೆ ಪರಸ್ಥಳದವರು ಬರುವುದು ಗುಡಿ ನೋಡಲಿಕ್ಕೆ. ಸವದತ್ತಿಗೆ ಎಲ್ಲಮ್ಮನ ದರ್ಶನಕ್ಕೆಂದು ಬಂದವರಲ್ಲಿ ಯಾರೋ ಒಬ್ಬಿಬ್ಬರಿಗೆ ಹತ್ತಿರದಲ್ಲೇ ಹಳೆಯ ಗುಡಿಗಳ ಊರೊಂದಿದೆ ಎಂಬ ಸುದ್ದಿ ಸಿಗುತ್ತದೆ. ಬಾಡಿಗೆ ಗಾಡಿ ಮಾಡಿಕೊಂಡು ಬರುತ್ತಾರೆ. ಪಂಚಲಿಂಗೇಶ್ವರನ ಗುಡಿ ಹೊಕ್ಕು ಕಂಬಗಳನ್ನು ಮುಟ್ಟಿ ನೋಡಿ, ಗುಡ್ಡದ ಮೇಲಿನ ಕೋಟೆಯ ಕಡೆಗೆ ಒಮ್ಮೆ ಕಣ್ಣು ಹಾಯಿಸಿ, ನಮ್ಮ ಬಿಸಿಲಿಗೆ ನಾಲ್ಕು ಮಾತು ಬೈದು ಹೊರಟುಹೋಗುತ್ತಾರೆ. ಅವರು ಬೈಯುವುದರಲ್ಲಿ ತಪ್ಪಿಲ್ಲ. ಏಪ್ರಿಲ್ ಮೇ ತಿಂಗಳುಗಳಲ್ಲಿ ಇಲ್ಲಿ 38, 40 ಡಿಗ್ರಿಯ ಬಿಸಿಲು ಹೊಸದೇನಲ್ಲ. ಗುಡ್ಡದ ಬಂಡೆ ಹಗಲೆಲ್ಲ ಕಾಯ್ದು ರಾತ್ರಿಯೆಲ್ಲ ಝಳ ಕಕ್ಕುತ್ತದೆ.

ಗುಡಿಗಳ ಚರಿತ್ರೆಯನ್ನು ಬಲ್ಲವರು ಬರೆದಿದ್ದಾರೆ. ಶಾಸನಗಳಲ್ಲಿ ಈ ಊರು ‘ಪೂಲಿ’. ಇಲ್ಲಿ ಸಾಸಿರ ಮಹಾಜನರಿದ್ದರು. ಚಾಲುಕ್ಯರ ಕಾಲಕ್ಕೆ ಇದು ದೊಡ್ಡ ಅಗ್ರಹಾರವಾಗಿತ್ತು. ನಾನು ಹೇಳಹೊರಟಿರುವುದು ಅದಕ್ಕಿಂತ ಬಹಳ ಸಣ್ಣ ಚರಿತ್ರೆ. ಒಂದು ಮನೆಯ ಒಂದು ಕೋಣೆಯೊಳಗೆ ಒಂದು ಕಂಪ್ಯೂಟರು ಕಾಯ್ದು ಕೆಟ್ಟ ಕತೆ, ಮತ್ತು ಮುಂದಿನದು ಕೆಡದಂತೆ ನಾನು ಕಲಿತ ಪಾಠ. ಇದನ್ನು ಚರಿತ್ರೆ ಎಂದು ಕರೆಯಲು ಕಾರಣವಿದೆ. ನಮ್ಮ ಮನೆಗಳ ಚರಿತ್ರೆ ಒಂದು ಕಡೆಯಿಂದಲೂ, ಆ ಯಂತ್ರದ ಚರಿತ್ರೆ ಇನ್ನೊಂದು ಕಡೆಯಿಂದಲೂ ಬಂದು ನನ್ನ ಕೋಣೆಯಲ್ಲಿ ಢಿಕ್ಕಿ ಹೊಡೆದವು. ನಡುವೆ ಸಿಕ್ಕಿದ್ದು ನಮ್ಮ ಅವ್ವನ ಹಾಡುಗಳು.

ಮೊದಲು ಮನೆಯ ಮಾತು. ನಮ್ಮದು ಮಾಳಿಗೆ ಮನೆ. ಕಲ್ಲು ಮಣ್ಣಿನ ಗೋಡೆ. ಗೋಡೆಯ ಗೂಡಿನಲ್ಲಿ ಒಬ್ಬ ಹುಡುಗ ಮುದುಡಿ ಕೂಡ್ರಬಹುದು, ಅಷ್ಟು ದಪ್ಪ. ಮೇಲೆ ತೊಲೆ, ಜಂತಿ, ಅದರ ಮೇಲೆ ಮೊಳದಷ್ಟು ಮಣ್ಣು. ನಡುಮನೆಯ ನೆತ್ತಿಯ ಮೇಲೆ ಬೆಳಕಿಂಡಿ. ಬೆಳಕು ಬರುವುದರಿಂದ ಅದಕ್ಕೆ ಆ ಹೆಸರು ಬಂದಿದೆ, ಆದರೆ ಅದರ ದೊಡ್ಡ ಕೆಲಸ ಬೇರೆಯೇ. ಒಲೆಯ ಹೊಗೆ, ದನಗಳ ಮೈಕಾವು, ಹತ್ತು ಮಂದಿಯ ಉಸಿರು ಎಲ್ಲವೂ ಮೇಲೇರಿ ಅದರಿಂದ ಹೊರಗೆ ಹೋಗುತ್ತಿದ್ದವು. ತಲಬಾಗಿಲಿನಿಂದ ತಂಪು ಗಾಳಿ ನೆಲ ಹಿಡಿದು ಒಳಗೆ ಬರುತ್ತಿತ್ತು. ಬಿಸಿ ಗಾಳಿ ಹಗುರ, ತಂಪು ಗಾಳಿ ಭಾರ ಎಂದು ನಾನು ಶಾಲೆಯಲ್ಲಿ ಮಕ್ಕಳಿಗೆ ಮೂವತ್ತು ವರ್ಷ ಪಾಠ ಮಾಡಿದೆ. ನಮ್ಮ ಮನೆ ಕಟ್ಟಿದವನು ಶಾಲೆಯ ಮೆಟ್ಟಿಲು ಹತ್ತಿರಲಿಕ್ಕಿಲ್ಲ. ಆದರೂ ಕಿಂಡಿಯನ್ನು ಎಲ್ಲಿ ಬಿಡಬೇಕೆಂಬುದು ಅವನಿಗೆ ಗೊತ್ತಿತ್ತು.

ಗುಡಿಯ ತಂಪಿನ ಗುಟ್ಟು ಬೇರೆ. ಚಿಕ್ಕವರಿದ್ದಾಗ ಬೇಸಿಗೆಯ ಮಧ್ಯಾಹ್ನ ಪಂಚಲಿಂಗೇಶ್ವರನ ಗುಡಿಯೊಳಗೆ ಕಲ್ಲಿನ ನೆಲಕ್ಕೆ ಬೆನ್ನು ಹಚ್ಚಿ ಮಲಗುತ್ತಿದ್ದೆವು. ಹೊರಗೆ ಕಾಲಿಡಲು ಆಗದ ಬಿಸಿಲು, ಒಳಗೆ ಬೆನ್ನಿಗೆ ಹಿತವಾದ ತಂಪು. ಅಷ್ಟು ದಪ್ಪ ಕಲ್ಲು ಕಾಯಲಿಕ್ಕೆ ಹಗಲು ಸಾಲದು. ಅದು ಕಾಯ್ದು ಮುಗಿಸುವಷ್ಟರಲ್ಲಿ ಹೊತ್ತು ಮುಳುಗಿ, ಕುಡಿದ ಕಾವನ್ನು ಆಕಾಶಕ್ಕೆ ಹಿಂದಿರುಗಿಸಲು ರಾತ್ರಿ ಬರುತ್ತದೆ. ಕಲ್ಲು ಕಾವನ್ನು ಕೊಲ್ಲುವುದಿಲ್ಲ, ಸಾಲ ತೆಗೆದುಕೊಂಡು ತೀರಿಸುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ.

ಮೂರನೆಯದು ಹಗೇವು. ಜೋಳ ತುಂಬಿಡುವ ನೆಲದೊಳಗಿನ ಆ ಗುಂಡಿಯನ್ನು ನಮ್ಮ ಕಡೆಯ ಹಳಬರು ಬಲ್ಲರು. ಬಾಯಿ ಮುಚ್ಚಿ ಮಣ್ಣು ಮೆತ್ತಿದ ಹಗೇವಿನೊಳಗೆ ಕಾಳು ಸುಮ್ಮನಿರುವುದಿಲ್ಲ, ಉಸಿರಾಡುತ್ತದೆ. ಒಳಗಿನ ಪ್ರಾಣವಾಯು ತೀರುತ್ತದೆ, ಕಾವು ಕೂಡುತ್ತದೆ. ಅದಕ್ಕೇ ಹಗೇವು ತೆಗೆದ ದಿನ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ಕಂದೀಲು ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಳಿಯಕೂಡದು. ಅವಸರ ಮಾಡಿ ಇಳಿದು ಜೀವ ಕಳೆದುಕೊಂಡವರ ಕತೆ ಈ ಸೀಮೆಯ ಹಳ್ಳಿ ಹಳ್ಳಿಗಳಲ್ಲೂ ಇವೆ.

ಇನ್ನು ಯಂತ್ರದ ಮಾತು.

ನಾನು ಮೊದಲು ಕಂಪ್ಯೂಟರು ಕಂಡದ್ದು 1988ರಲ್ಲಿ, ಧಾರವಾಡದಲ್ಲಿ, ಶಿಕ್ಷಕರ ತರಬೇತಿಯೊಂದಕ್ಕೆ ಹೋದಾಗ. ಕೋಣೆಯ ಹೊರಗೆ ಚಪ್ಪಲಿ ಬಿಡಬೇಕಾಯಿತು. ಒಳಗೆ ದಪ್ಪ ಪರದೆ, ನೆಲಕ್ಕೆ ಜಮಖಾನೆ, ಗೋಡೆಯಲ್ಲಿ ಗುರುಗುಡುವ ಎ.ಸಿ. ಯಂತ್ರಕ್ಕೆ ಪ್ಲಾಸ್ಟಿಕ್ಕಿನ ಅಂಗಿ. ತೋರಿಸುವವರು ಆ ಅಂಗಿ ತೆಗೆದಾಗ ನಾವೆಲ್ಲ ಉತ್ಸವಮೂರ್ತಿಯ ಪರದೆ ಸರಿದಂತೆ ಕೊರಳು ಚಾಚಿದೆವು. ಅಲ್ಲಿದ್ದದ್ದು ಬಿಬಿಸಿ ಮೈಕ್ರೋ ಎಂಬ ಯಂತ್ರ. 1984ರಲ್ಲಿ ಕೇಂದ್ರ ಸರಕಾರ ಶಾಲೆಗಳಿಗೆ ಕಂಪ್ಯೂಟರ್ ಕಲಿಸಲು ಹಾಕಿಕೊಂಡ ‘ಕ್ಲಾಸ್’ ಯೋಜನೆಯಲ್ಲಿ ಇಂಗ್ಲೆಂಡಿನಿಂದ ಬಂದದ್ದು. ಬಹಳ ವರ್ಷಗಳ ಮೇಲೆ ನನಗೆ ತಿಳಿದ ಸಂಗತಿಯೆಂದರೆ ಆ ಯಂತ್ರದೊಳಗೆ ಫ್ಯಾನೇ ಇರಲಿಲ್ಲ! ತಳದ ಮತ್ತು ಮೇಲಿನ ಸೀಳುಗಳಿಂದ ಗಾಳಿ ತಾನಾಗಿ ಆಡಿದರೆ ಅದಕ್ಕೆ ಸಾಕಾಗುತ್ತಿತ್ತು.

ಹಾಗಾದರೆ ಆ ಎ.ಸಿ., ಆ ಪರದೆ, ಆ ಮಡಿ ಎಲ್ಲಿಂದ ಬಂತು? ಹಿರಿಯರಿಂದ ಬಂತು. 1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಲೋಕಕ್ಕೆ ತೋರಿಸಲಾದ ‘ಎನಿಯಾಕ್’ ಯಂತ್ರದಲ್ಲಿ ಸುಮಾರು 18,000 ಗಾಜಿನ ವಾಲ್ವುಗಳಿದ್ದವು. ಅದು ಎಳೆಯುತ್ತಿದ್ದ ವಿದ್ಯುತ್ತು ಸುಮಾರು 150 ಕಿಲೋವ್ಯಾಟ್. ಗಾಳಿ ಊದುವ ದೊಡ್ಡ ಯಂತ್ರಗಳಿಲ್ಲದೆ ಅದು ಒಂದು ಗಳಿಗೆಯೂ ನಡೆಯುವಂತಿರಲಿಲ್ಲ. ನಮ್ಮ ದೇಶದಲ್ಲೇ ಕಟ್ಟಿದ, 1960ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸಕ್ಕೆ ನಿಂತ ‘ಟಿಫ್ರಾಕ್’ ಯಂತ್ರದಲ್ಲಿಯೂ 2,700 ವಾಲ್ವುಗಳಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1970ರ ಸುಮಾರಿಗೆ ಐಬಿಎಂ 360/44 ಬಂತು. ಅಂಥ ಯಂತ್ರಗಳಿಗೆಲ್ಲ ಪ್ರತ್ಯೇಕ ಕೋಣೆ, ತಂಪು ಮಾಡಿದ ಗಾಳಿ ಬೇಕೇ ಬೇಕು. ದೊಡ್ಡ ಯಂತ್ರಗಳ ಆ ನೇಮ ಸಣ್ಣ ಯಂತ್ರಗಳಿಗೂ ಅಂಟಿಕೊಂಡಿತು. ಹಿರಿಯರು ಉಪವಾಸ ಮಾಡುತ್ತಿದ್ದರೆಂದು ಮೊಮ್ಮಗನೂ ಮಾಡಿದ ಹಾಗೆ.

ನಿಜಕ್ಕೂ 1981ರಲ್ಲಿ ಬಂದ ಐಬಿಎಂ ಪಿಸಿಯ ಪ್ರೊಸೆಸರು, ಅಂದರೆ ಲೆಕ್ಕ ಮಾಡುವ ಮುಖ್ಯ ಚಿಪ್ಪು, ಬರಿಮೈಯಲ್ಲಿ ಕುಳಿತಿತ್ತು. ಒಂದೆರಡು ವ್ಯಾಟಿನ ಕಾವು. ಅದಕ್ಕೆ ಮೇಲೊಂದು ಲೋಹದ ತುಂಡು ಕೂಡ ಬೇಕಿರಲಿಲ್ಲ. ಪೆಟ್ಟಿಗೆಯಲ್ಲಿದ್ದ ಒಂದೇ ಫ್ಯಾನು ವಿದ್ಯುತ್ತು ಹಂಚುವ ಡಬ್ಬಿಯದು. ಆಮೇಲೆ ಲೆಕ್ಕ ಬದಲಾಯಿತು. 1989ರಲ್ಲಿ ಬಂದ 486ರ ಪೀಳಿಗೆಯಲ್ಲಿ ಚಿಪ್ಪಿನ ಮೇಲೆ ಬಾಚಣಿಗೆಯ ಹಲ್ಲುಗಳಂಥ ಲೋಹದ ತುಂಡು ಬಂದು ಕುಳಿತಿತು. 1993ರ ಮೊದಲ ಪೆಂಟಿಯಮ್ಮಿಗೆ ಹದಿನೈದು ವ್ಯಾಟಿನಷ್ಟು ಕಾವು. ಹಲ್ಲುಗಳ ಮೇಲೆ ಪುಟ್ಟ ಫ್ಯಾನೂ ಬಂತು. 2000ದಲ್ಲಿ ಪೆಂಟಿಯಮ್-4 ಬಂತು. ಅದರ 2004ರ ‘ಪ್ರೆಸ್ಕಾಟ್’ ಮಾದರಿಗೆ 84ರಿಂದ 115 ವ್ಯಾಟ್! ಉಗುರಿನಗಲದ ಸಿಲಿಕಾನ್ ತುಂಡೊಂದರಲ್ಲಿ ಅಡುಗೆಮನೆಯ ಬಲ್ಬಿಗಿಂತ ಹೆಚ್ಚಿನ ಕಾವು.

ಹೀಗೇಕಾಯಿತು? ಗಾರ್ಡನ್ ಮೂರ್ ಎಂಬಾತ 1965ರಲ್ಲಿಯೇ, ಒಂದು ಚಿಪ್ಪಿನಲ್ಲಿ ಬಿಡಿಭಾಗಗಳು ವರ್ಷದಿಂದ ವರ್ಷಕ್ಕೆ ಇಮ್ಮಡಿಸುತ್ತವೆಂದು ಬರೆದ ಲೇಖನದಲ್ಲೇ, ಕಾವಿನ ಪ್ರಶ್ನೆಯನ್ನೂ ಎತ್ತಿ ಅದು ಅಡ್ಡಿಯಾಗದೆಂದು ಹೇಳಿದ್ದ. 1974ರಲ್ಲಿ ಐಬಿಎಮ್ಮಿನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ಅದಕ್ಕೆ ಲೆಕ್ಕ ಹಾಕಿಕೊಟ್ಟರು. ಟ್ರಾನ್ಸಿಸ್ಟರುಗಳು ಸಣ್ಣವಾದಂತೆ ಅವಕ್ಕೆ ಕೊಡುವ ವೋಲ್ಟೇಜನ್ನೂ ಇಳಿಸುತ್ತ ಹೋದರೆ, ಎಷ್ಟು ಒತ್ತಾಗಿ ತುಂಬಿದರೂ ಅಂಗೈಯಗಲದ ಕಾವು ಅಷ್ಟೇ ಇರುತ್ತದೆ ಎಂಬುದು ಅದರ ಸಾರ. ಮೂವತ್ತು ವರ್ಷ ಆ ಲೆಕ್ಕ ನಡೆಯಿತು. ಆದರೆ ವೋಲ್ಟೇಜನ್ನು ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಲಾಗಲಿಲ್ಲ. ಟ್ರಾನ್ಸಿಸ್ಟರುಗಳು ಎಷ್ಟು ಸಣ್ಣವಾದವೆಂದರೆ ಮುಚ್ಚಿದ ನಲ್ಲಿ ಸೋರುವಂತೆ, ಕೆಲಸವಿಲ್ಲದಾಗಲೂ ವಿದ್ಯುತ್ತು ಸೋರತೊಡಗಿತು. ಸೋರಿದ್ದೆಲ್ಲ ಕಾವಾಯಿತು. 2004ರ ಅಕ್ಟೋಬರಿನಲ್ಲಿ ಇಂಟೆಲ್ ಕಂಪನಿ ನಾಲ್ಕು ಗಿಗಾಹರ್ಟ್ಸ್ ವೇಗದ ಪೆಂಟಿಯಮ್-4 ಹೊರತರುವ ಯೋಜನೆಯನ್ನೇ ಕೈಬಿಟ್ಟಿತು. ವೇಗದ ಓಟ ಕಾವಿನ ಮುಂದೆ ಮಂಡಿಯೂರಿತು.

ಅಂದರೆ ಕಂಪ್ಯೂಟರಿಗೆ ಮಡಿ ಬೇಕಿಲ್ಲದಿದ್ದಾಗ ನಾವು ಮಡಿ ಮಾಡಿದೆವು. ಅದಕ್ಕೆ ಗಾಳಿ ನಿಜವಾಗಿ ಬೇಕಾಗುವ ಕಾಲ ಬಂದಾಗ ಅದು ಅಗ್ಗವಾಗಿ, ಎ.ಸಿ. ಕೋಣೆ ಬಿಟ್ಟು ನಮ್ಮಂಥವರ ಮನೆ ಸೇರಿತು. ನಾನು ಕೊಂಡದ್ದು ಸರಿಯಾಗಿ ಆ ಕಾಲದಲ್ಲಿ.

2005ರ ದೀಪಾವಳಿಗೆ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಭಾಗಗಳನ್ನು ಜೋಡಿಸಿ ಕೊಟ್ಟ ಪೆಂಟಿಯಮ್-4 ಕಂಪ್ಯೂಟರನ್ನು ಮನೆಗೆ ತಂದೆ. ಉದ್ದೇಶ ಒಂದೇ. ಅವ್ವ ಹಾಡುತ್ತಿದ್ದ ಬೀಸುವ ಪದ, ಕುಟ್ಟುವ ಪದ, ತೊಟ್ಟಿಲ ಪದಗಳನ್ನು ಬರೆದಿಡುವುದು. ಅವಳಿಗೆ ಆಗಲೇ ಎಂಬತ್ತರ ಹತ್ತಿರ. ಕನ್ನಡ ಟೈಪು ಮಾಡಲು ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇತ್ತು, 1998ರಿಂದ ಬಳಕೆಯಲ್ಲಿದ್ದ ‘ಬರಹ’ ಇತ್ತು. ನಾನು ಎರಡು ಬೆರಳಿನಲ್ಲಿ ಟೈಪು ಮಾಡುವುದನ್ನು ಕಲಿತೆ.

ಯಂತ್ರವನ್ನು ಎಲ್ಲಿಡುವುದು? ಹಳೆಯ ಪಡಸಾಲೆಯಲ್ಲಿ ಜಂತಿಯಿಂದ ಮಣ್ಣು ಉದುರುತ್ತದೆ. ಸುಗ್ಗಿಯಲ್ಲಿ ಹತ್ತಿ ಬಿಡಿಸಿ ತಂದರೆ ಪಡಸಾಲೆಯ ತುಂಬ ಅರಳೆಯ ರಾಶಿ. ಹಾಗಾಗಿ ಮನೆಯ ಪಕ್ಕದಲ್ಲಿ ಹೊಸದಾಗಿ ಕಟ್ಟಿಸಿದ್ದ ಆರ್.ಸಿ.ಸಿ. ಕೋಣೆಗೆ ಅದನ್ನು ಸೇರಿಸಿದೆ. ಊರ ಬಡಿಗೇರನಿಂದ ಸಾಗವಾನಿಯ ಮೇಜು ಮಾಡಿಸಿದೆ. ಅದರಡಿಯಲ್ಲಿ ಯಂತ್ರದ ಡಬ್ಬಿಗೆ, ಎಲ್ಲರೂ ಸಿಪಿಯು ಎನ್ನುವ ಆ ಪೆಟ್ಟಿಗೆಗೆ, ಬಾಗಿಲಿದ್ದ ಒಂದು ಕಪಾಟು. ಬೆರಳಷ್ಟೂ ಜಾಗ ವ್ಯರ್ಥವಾಗದಂತೆ ಅಳತೆ ಕೊಟ್ಟಿದ್ದೆ, ಅವನು ಅಷ್ಟೇ ಚೊಕ್ಕಟವಾಗಿ ಮಾಡಿಕೊಟ್ಟ. ಪಕ್ಕದಲ್ಲೇ ಯುಪಿಎಸ್. ಧೂಳು ಹೊಗಬಾರದೆಂದು ಕಪಾಟಿನ ಬಾಗಿಲು ಯಾವಾಗಲೂ ಮುಚ್ಚಿ, ಮೇಲೊಂದು ಕಸೂತಿಯ ಬಟ್ಟೆ ಇಳಿಬಿಟ್ಟೆ.

ಸಂಜೆ ಅವ್ವ ನನ್ನ ಪಕ್ಕದಲ್ಲಿ ಗೋಡೆಗೆ ಒರಗಿ ಕುಳಿತು, ಗುಡಿಯ ದೀಪಕ್ಕೆ ಬತ್ತಿ ಹೊಸೆಯುತ್ತ ಹಾಡುವಳು. ಕೈ ಸುಮ್ಮನಿದ್ದರೆ ಅವಳಿಗೆ ಪದ ನೆನಪಾಗುತ್ತಿರಲಿಲ್ಲ. ಬೀಸುವ ಕಲ್ಲು ಮೂಲೆ ಸೇರಿತ್ತು, ಬತ್ತಿಯಾದರೂ ಬೇಕಿತ್ತು. ಮಡಿಲಲ್ಲಿ ಹಿಂಜಿದ ಅರಳೆ, ತೊಡೆಯ ಮೇಲೆ ಬತ್ತಿ. ನಾನು ಟೈಪು ಮಾಡುವೆ. ಒಂದು ದಿನ ಕಪಾಟಿಗೆ ಕೈ ತಾಗಿ ಥಟ್ಟನೆ ಹಿಂದೆ ತೆಗೆದುಕೊಂಡಳು.

“ಏನೋ ತಮ್ಮಾ ಇದು, ಕಟಗಿ ಸೈತ ಕಾದೈತಲ್ಲೋ! ಬಾಯಿ ಮುಚ್ಚಿದ ಹಗೇವಿನ್ಹಂಗ ಇಟ್ಟೀಯಲ್ಲ, ಅದರ ಉಸರು ಎಲ್ಲಿಂದ ಹೋಗಬೇಕು?”

“ಅದೇನು ಜೋಳ ಅಲ್ಲವ್ವಾ, ಮಷೀನು. ಒಳಗ ಫ್ಯಾನ್ ಅದಾವು” ಎಂದು ನಕ್ಕೆ.

“ಇದ್ದರ ಇರಲಿ. ಫ್ಯಾನ್ ಹಗೇವಿನ್ಯಾಗ ತಿರಗತೈತೊ, ಹೊರಗ ತಿರಗತೈತೊ?” ಎಂದು ಮತ್ತೆ ಬತ್ತಿಗೆ ಕೈ ಹಚ್ಚಿದಳು.

ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಉತ್ತರವಿಲ್ಲವೆಂಬುದು ಆಗ ಗೊತ್ತಾಗಲೂ ಇಲ್ಲ.

2006ರ ಏಪ್ರಿಲ್‌ನಲ್ಲಿ ಯಂತ್ರ ಮಂದವಾಯಿತು. ಮಧ್ಯಾಹ್ನ ಕಳೆದ ಮೇಲೆ ಟೈಪು ಮಾಡಿದ ಅಕ್ಷರ ತೆರೆಗೆ ಬರಲು ಉಸಿರು ಎಳೆಯುವಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು. ಒಮ್ಮೊಮ್ಮೆ ತಾನಾಗಿಯೇ ಆರಿಹೋಗುತ್ತಿತ್ತು. ಊರಲ್ಲಿ ಕಂಪ್ಯೂಟರ್ ಬಲ್ಲವರು ನಾಲ್ಕೇ ಮಂದಿ. ಐದು ಅಭಿಪ್ರಾಯ ಬಂದವು. ಒಬ್ಬರು ಕರೆಂಟಿನ ಏರಿಳಿತ ಎಂದರು, ಸ್ಟೆಬಿಲೈಸರ್ ತಂದೆ. ಇನ್ನೊಬ್ಬರು ವೈರಸ್ ಎಂದರು, ಎಲ್ಲ ಅಳಿಸಿ ಹೊಸದಾಗಿ ತುಂಬಿಸಿದೆ. ಅಷ್ಟರಲ್ಲಿ ಮಳೆ ಬಂತು. ಗಾಳಿ ತಂಪಾಯಿತು, ಯಂತ್ರ ನೆಟ್ಟಗೆ ನಡೆಯಿತು. ಸ್ಟೆಬಿಲೈಸರಿನ ಮಹಿಮೆ ಎಂದುಕೊಂಡೆ. 2007ರ ಬೇಸಿಗೆಯಲ್ಲಿ ಮತ್ತದೇ ಕತೆ, ಮತ್ತೆ ಮಳೆ, ಮತ್ತೆ ಮರೆವು. ನಮ್ಮ ಸೀಮೆಯಲ್ಲಿ ಬೇಸಿಗೆಯ ಕಷ್ಟ ಮೊದಲ ಮಳೆಗೆ ತೊಳೆದುಹೋಗುತ್ತದೆ. ಮಾಳಿಗೆ ಸೋರುವುದೂ ಹಾಗೆಯೇ, ದಸರೆಯ ಹೊತ್ತಿಗೆ ಮರೆತುಹೋಗುತ್ತದೆ.

ಆ ವರ್ಷ ಡಿಸೆಂಬರಿನಲ್ಲಿ ಅವ್ವ ತೀರಿಕೊಂಡಳು. ಅಷ್ಟರಲ್ಲಿ ನಾನು 112 ಪದಗಳನ್ನು ಟೈಪು ಮಾಡಿದ್ದೆ. ಅವುಗಳಲ್ಲಿ 37ನ್ನು, ಜನಪದ ಸಾಹಿತ್ಯ ಕಲಿಸುವ ಗೆಳೆಯರೊಬ್ಬರು ಕೇಳಿದ್ದರೆಂದು, ಕಾಗದದ ಮೇಲೆ ಅಚ್ಚು ಮಾಡಿ ಕೊಟ್ಟಿದ್ದೆ. ಉಳಿದವನ್ನು ಮುಂದೆ ತಿದ್ದಿ ಅಚ್ಚು ಮಾಡಿದರಾಯಿತೆಂದುಕೊಂಡೆ.

2008ರ ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟು ಹೋಯಿತು. ತಲೆಯ ಮೇಲಿನ ಫ್ಯಾನು ನಿಂತಿತು. ಯುಪಿಎಸ್ ಇದ್ದುದರಿಂದ ಯಂತ್ರ ನಿಲ್ಲಲಿಲ್ಲ. ಕಪಾಟಿನೊಳಗಿಂದ ಕಟಕಟ ಎಂಬ ಸದ್ದು ಬಂತು, ಎರಡು ಸಲ, ಆಮೇಲೆ ಬಿಡದೆ. ತೆರೆ ನೀಲಿಯಾಗಿ ನಿಂತಿತು. ಅದೇ ಕೊನೆ.

ಸವದತ್ತಿಯಿಂದ ರಿಪೇರಿಯ ಹುಡುಗ ಬಂದ. ನನ್ನ ಹಳೆಯ ವಿದ್ಯಾರ್ಥಿ. ಯಂತ್ರವನ್ನು ಕಪಾಟಿನಿಂದ ಎಳೆದು ಅಂಗಳಕ್ಕೆ ಒಯ್ದು, ಪಕ್ಕದ ತಗಡು ಬಿಚ್ಚಿದ. ಬಿಚ್ಚಿ, ಮಾತಾಡದೆ ನನ್ನ ಕಡೆ ನೋಡಿದ.

ಒಳಗೆ ಕಂಬಳಿ ಹೊದ್ದು ಮಲಗಿದಂತಿತ್ತು. ಪ್ರೊಸೆಸರಿನ ಮೇಲಿನ ಫ್ಯಾನು ತಿರುಗುತ್ತಲೇ ಇದ್ದಿರಬೇಕು. ಆದರೆ ಅದರ ಕೆಳಗೆ, ಲೋಹದ ಹಲ್ಲುಗಳ ಮೇಲೆ ಬೆರಳು ದಪ್ಪದ ಬೂದು ಬಣ್ಣದ ಹಾಸಿಗೆ. ಹುಡುಗ ಅದನ್ನು ಎರಡು ಬೆರಳಿನಿಂದ ಹಿಡಿದು ಎತ್ತಿದಾಗ ಒಂದೇ ತುಂಡಾಗಿ ಎದ್ದು ಬಂತು. ಹೊರಮೈ ಎರೆಹೊಲದ ಧೂಳು. ಹರಿದು ನೋಡಿದರೆ ಒಳಗೆ ಬೆಳ್ಳಗೆ ಅರಳೆಯ ಎಳೆ.

“ಸರ್, ಫ್ಯಾನ್ ಏನ್ ಮಾಡೀತರಿ, ಗಾಳಿ ಹಾಯೂ ಹಾದೀನ ಇಲ್ಲ. ಇದು ಎಲ್ಲಿ ಹತ್ತಿರಿ? ನಿಮ್ಮ ಮನ್ಯಾಗ ಗಾದಿ ಹೊಲೀತಾರೇನು?”

ನಾನು ಏನೂ ಹೇಳಲಿಲ್ಲ. ಪಡಸಾಲೆಯ ರಾಶಿಯ ಹತ್ತಿ ಆ ಕೋಣೆಗೆ ಬರುತ್ತಿರಲಿಲ್ಲ. ಅಲ್ಲಿ ಅರಳೆ ಇದ್ದದ್ದು ಒಂದು ಮಡಿಲಿನಲ್ಲಿ ಮಾತ್ರ.

ಹಾರ್ಡ್ ಡಿಸ್ಕಿನಿಂದ ಏನೂ ಬರಲಿಲ್ಲ. ಹುಬ್ಬಳ್ಳಿಗೂ ಬೆಂಗಳೂರಿಗೂ ಕಳಿಸಿ ನೋಡಿದೆ. ಕಾಗದದ ಮೇಲಿದ್ದ 37 ಪದ ಉಳಿದವು, 75 ಹೋದವು. ಡಿಸ್ಕನ್ನು ಕೊಂದದ್ದು ಕಾವೇ ಎಂದು ನಾನು ಆಣೆ ಮಾಡಿ ಹೇಳಲಾರೆ. 2007ರಲ್ಲಿ ಗೂಗಲ್ಲಿನ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಲೆಕ್ಕ ಇಟ್ಟು, ಕಾವಿಗೂ ಡಿಸ್ಕಿನ ಸಾವಿಗೂ ಜನ ನಂಬಿದಷ್ಟು ಗಟ್ಟಿ ನಂಟಿಲ್ಲ ಎಂದು ತೋರಿಸಿದರು. ಹೆಚ್ಚಿನ ಕಾವಿನಲ್ಲಿ, ಅದೂ ಮೂರು ವರ್ಷ ದಾಟಿದ ಡಿಸ್ಕುಗಳಲ್ಲಿ ಮಾತ್ರ ನಂಟು ಎದ್ದು ಕಂಡಿತ್ತು. ನನ್ನ ಕಪಾಟಿನೊಳಗೆ ಡಿಸ್ಕು ಎಷ್ಟು ಕಾಯ್ದಿತ್ತೋ ಅಳೆದವರಿಲ್ಲ. ಒಂದೇ ಪ್ರತಿ ಇಟ್ಟುಕೊಂಡ ತಪ್ಪು ಕಾವಿನದಲ್ಲ, ನನ್ನದು. ಆದರೆ ಮೂರು ಬೇಸಿಗೆ ಯಂತ್ರ ತನಗಾಗುತ್ತಿರುವುದನ್ನು ಹೇಳುತ್ತಲೇ ಇತ್ತು. ಪೆಂಟಿಯಮ್-4ಕ್ಕೆ ತನ್ನ ಕಾವು ತಾನೇ ಅಳೆಯುವ ವ್ಯವಸ್ಥೆಯಿತ್ತು. ಮಿತಿ ಮೀರಿದರೆ ಅದು ಬಿಸಿಲಿಗೆ ಬಳಲಿದ ಎತ್ತಿನಂತೆ ಒಂದು ಹೆಜ್ಜೆ ಹಾಕಿ ಒಂದು ಹೆಜ್ಜೆ ನಿಲ್ಲುತ್ತದೆ, ಇನ್ನೂ ಏರಿದರೆ ಪೂರ್ತಿ ಆರಿಹೋಗುತ್ತದೆ. ನಾನು ಅದನ್ನು ರೋಗ ಎಂದುಕೊಂಡೆ. ಅದು ಹಗೇವಿನೊಳಗೆ ಆರುತ್ತಿದ್ದ ಕಂದೀಲು.

ಆಮೇಲೆ ಓದಿ ತಿಳಿದುಕೊಂಡೆ. ಆ ಕಾಲದಲ್ಲಿ ಪೆಟ್ಟಿಗೆ ತಯಾರಿಸುವವರಿಗೆ ಇಂಟೆಲ್ ಒಂದು ಮಾರ್ಗಸೂಚಿ ಕೊಟ್ಟಿತ್ತು. ಕೋಣೆ 35 ಡಿಗ್ರಿ ಇದ್ದಾಗಲೂ ಪ್ರೊಸೆಸರಿನ ಫ್ಯಾನಿಗೆ ಸಿಗುವ ಗಾಳಿ 38 ಡಿಗ್ರಿ ಮೀರಬಾರದು ಎಂಬುದು ಅದರ ಲೆಕ್ಕ. ಅದಕ್ಕೆಂದೇ ಪಕ್ಕದ ತಗಡಿಗೆ ಜಾಲರಿಯ ಕಿಂಡಿಯನ್ನೂ ಅದರ ಹಿಂದೆ ಒಂದು ಕೊಳವೆಯನ್ನೂ ಕೊಟ್ಟಿದ್ದರು. ನನ್ನ ಬಡಿಗೇರ ಚೊಕ್ಕಟವಾಗಿ ಮುಚ್ಚಿದ್ದು ಆ ಕಿಂಡಿಯನ್ನೇ. ಇರಲಿ, ಕೋಣೆಯ ಮಾತೇನು? ಶಾಲೆಯ ಪ್ರಯೋಗಶಾಲೆಯ ಉಷ್ಣಮಾಪಕ ತಂದು ಎರಡು ಮಧ್ಯಾಹ್ನ ಅಳೆದೆ. ಆರ್.ಸಿ.ಸಿ. ಕೋಣೆಯಲ್ಲಿ 39. ಗೋಡೆಯಾಚೆಗಿನ ಹಳೆಯ ಪಡಸಾಲೆಯಲ್ಲಿ 33. ಯಂತ್ರ ಮಾಡಿದವರು ಮನಸ್ಸಿನಲ್ಲಿಟ್ಟುಕೊಂಡ ಕೋಣೆ ನಮ್ಮ ಹೊಸ ಕೋಣೆಯಾಗಿರಲಿಲ್ಲ. ವಿಚಿತ್ರವೆಂದರೆ, ನಮ್ಮ ಹಳೆಯ ಪಡಸಾಲೆ ಆ ಲೆಕ್ಕದೊಳಗೇ ಇತ್ತು.

ತೆಳು ಸಿಮೆಂಟಿನ ಮಾಳಿಗೆ ಹಗಲು ಕಾಯ್ದು ಸಂಜೆಗೆ ಕಾವನ್ನು ಕೋಣೆಯೊಳಗೇ ಸುರಿಯುತ್ತದೆ. ಅದಕ್ಕೆ ಬೆಳಕಿಂಡಿ ಇಲ್ಲ. ಕಟ್ಟಿಸುವಾಗ ಮೇಸ್ತ್ರಿ ಕೇಳಿದ್ದ, ಮಳೆನೀರು ಬರುತ್ತದೆ ಬೇಡ ಎಂದವನೂ ನಾನೇ.

ಅಂದಿನಿಂದ ಮನೆಗೆ ಮೂರು ಕಂಪ್ಯೂಟರುಗಳು ಬಂದು ಹೋಗಿವೆ, ಯಾವುದೂ ಕಾಯ್ದು ಕೆಟ್ಟಿಲ್ಲ. ನಾನು ಮಾಡುವುದು ದೊಡ್ಡದೇನಲ್ಲ. ಯಂತ್ರ ಎಳೆಯುವ ವಿದ್ಯುತ್ತೆಲ್ಲ ಕೊನೆಗೆ ಕಾವಾಗಿಯೇ ಹೊರಬರುತ್ತದೆ, ಅದನ್ನು ಇಲ್ಲವಾಗಿಸಲು ಬರುವುದಿಲ್ಲ, ದಾರಿ ಕೊಡಬೇಕು. ಲೋಹದ ಹಲ್ಲುಗಳು ನಮ್ಮ ಗುಡಿಯ ಕಲ್ಲಿನಂತೆ ಕಾವನ್ನು ಸಾಲ ತೆಗೆದುಕೊಳ್ಳುತ್ತವೆ. ಆದರೆ ಕಲ್ಲಿಗೆ ತೀರಿಸಲು ರಾತ್ರಿಯಿದೆ, ಈ ಹಲ್ಲುಗಳು ಕ್ಷಣಕ್ಷಣಕ್ಕೂ ತೀರಿಸಬೇಕು. ಅದಕ್ಕೇ ಅವುಗಳ ನಡುವೆ ಗಾಳಿ ಹಾಯುತ್ತಲೇ ಇರಬೇಕು.

ಈಗ ಯಂತ್ರ ಪಡಸಾಲೆಯಲ್ಲಿದೆ. ನೆಲದ ಧೂಳು ಎಳೆದುಕೊಳ್ಳದಂತೆ ಗೇಣೆತ್ತರದ ಮಣೆಯ ಮೇಲೆ, ಗೋಡೆಯಿಂದ ಒಂದು ಗೇಣು ಈಚೆ. ಮುಂದಿನಿಂದ ತಂಪು ಗಾಳಿ ಒಳಗೆ, ಹಿಂದಿನಿಂದ ಬಿಸಿ ಗಾಳಿ ಹೊರಗೆ. ಎರಡೂ ಕಡೆ ಏನನ್ನೂ ಇಡುವುದಿಲ್ಲ. ಜಂತಿಯ ಮಣ್ಣು ಬೀಳದಂತೆ ಮೇಲೆ, ಸಾಕಷ್ಟು ಎತ್ತರದಲ್ಲಿ, ಒಂದು ತಗಡು ಹೊಡೆಸಿದ್ದೇನೆ. ಹೊದಿಕೆ ಹೊಚ್ಚುವುದು ಯಂತ್ರ ಆರಿಸಿ, ಅದು ತಣ್ಣಗಾದ ಮೇಲೆ ಮಾತ್ರ. ಕೆಲವರು ಪಕ್ಕದ ತಗಡು ಬಿಚ್ಚಿಟ್ಟು ಫ್ಯಾನು ಹಚ್ಚುತ್ತಾರೆ. ತುರ್ತಿಗೆ ಆದೀತು, ಆದರೆ ಗಾಳಿಯ ದಾರಿ ತಪ್ಪುತ್ತದೆ, ಧೂಳೂ ಹೆಚ್ಚು ಹೊಗುತ್ತದೆ. ನೀರಿನ ಕೂಲರ್ ಇದ್ದವರು ಅದರ ಹಸಿ ಗಾಳಿಯನ್ನು ನೇರ ಯಂತ್ರದ ಬಾಯಿಗೆ ಬಿಡಬಾರದು.

ಪ್ರತಿ ವರ್ಷ ಯುಗಾದಿಗೆ ಮನೆ ಸಾರಿಸುವಾಗ ಯಂತ್ರಕ್ಕೂ ಸರದಿ. ವೈರು ಕಿತ್ತು ಅಂಗಳಕ್ಕೆ ಒಯ್ದು, ಒಣ ಬ್ರಷ್ಷಿನಿಂದ ಹಲ್ಲುಗಳ ನಡುವಿನ ಧೂಳು ತೆಗೆಯುತ್ತೇನೆ. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಬಿಟ್ಟರೆ ಗಿರಗಿರ ತಿರುಗಿ ಕೆಡಬಹುದು. ಮೂರು ನಾಲ್ಕು ವರ್ಷಕ್ಕೊಮ್ಮೆ ಚಿಪ್ಪಿಗೂ ಲೋಹಕ್ಕೂ ನಡುವಿನ ಪೇಸ್ಟು ಒಣಗಿ ಬಿರಿಯುತ್ತದೆ. ಹಳೆಯದನ್ನು ಪೂರ್ತಿ ಒರೆಸಿ ಹೊಸದನ್ನು ಹಚ್ಚಬೇಕು. ನೋಡಲಿಕ್ಕೆ ನುಣುಪಾದ ಎರಡು ಲೋಹಗಳ ನಡುವೆಯೂ ಕಣ್ಣಿಗೆ ಕಾಣದ ತಗ್ಗುಗಳಿರುತ್ತವೆ, ಅವುಗಳಲ್ಲಿ ಗಾಳಿ ನಿಂತರೆ ಕಾವು ದಾಟುವುದಿಲ್ಲ. ಪೇಸ್ಟು ಆ ತಗ್ಗು ತುಂಬುತ್ತದೆ, ಅಷ್ಟೇ ಅದರ ಕೆಲಸ. ಮೊದಲ ಸಲ ನಾನು ಧಾರಾಳವಾಗಿ ಹಚ್ಚಹೊರಟಾಗ ಆ ಹುಡುಗ ಕೈ ಹಿಡಿದ. “ರೊಟ್ಟಿಗೆ ಬೆಣ್ಣಿ ಸವರಿದಂಗ ಸವರಬ್ಯಾಡ್ರಿ ಸರ್, ತೊಗರಿಕಾಳಿನಷ್ಟು ಸಾಕು.”

ಯಂತ್ರಗಳೂ ಪಾಠ ಕಲಿತಿವೆ. 2006ರಲ್ಲಿ ಬಂದ ಕೋರ್-2 ಡ್ಯುಯೋ ಪ್ರೊಸೆಸರುಗಳು 65 ವ್ಯಾಟಿಗೆ ಇಳಿದು, ವೇಗದ ಬದಲು ಎರಡು ಕೈಗಳಿಂದ ಕೆಲಸ ಮಾಡಿದವು. ಈಗ ಫ್ಯಾನೇ ಇಲ್ಲದ ಲ್ಯಾಪ್‌ಟಾಪುಗಳಿವೆ. ಕಿಸೆಯಲ್ಲಿರುವ ಮೊಬೈಲಿಗೂ ಫ್ಯಾನಿಲ್ಲ. ಆದರೆ ಕಾವು ಎಲ್ಲಿಗೂ ಹೋಗಿಲ್ಲ. ನಮ್ಮ ಫೋಟೋ, ಕಾಗದಪತ್ರಗಳನ್ನು ಕಾಯುವ ದೂರದ ದೊಡ್ಡ ಯಂತ್ರಾಗಾರಗಳಲ್ಲಿ ಅದು ಕೂಡಿಕೊಂಡಿದೆ. ಅಲ್ಲಿ ಮತ್ತೆ ಎನಿಯಾಕಿನ ಕಾಲದ ಹಾಗೆ ಗಾಳಿಯ, ನೀರಿನ ದೊಡ್ಡ ಏರ್ಪಾಡು. ಬಿಸಿಲಿನಲ್ಲಿ ಬೈಕಿನ ಟಾಕಿಯ ಮೇಲೆ ಮೊಬೈಲು ಇಟ್ಟು ಹಾಡು ಕೇಳುವ ನಮ್ಮ ಹುಡುಗರಿಗೆ ಅದು ಮಂದವಾದಾಗ ನಾನು ಹೇಳುತ್ತೇನೆ, ಬೈಯಬೇಡಿರಪ್ಪಾ, ಅದು ಏನೋ ಹೇಳುತ್ತಿದೆ ಎಂದು.

37 ಪದಗಳು ಈಗ ಮೂರು ಕಡೆ ಇವೆ. ಕಳೆದ 75ರಲ್ಲಿ ಕೆಲವನ್ನು ಓಣಿಯ ಹಿರಿಯ ಹೆಣ್ಣುಮಕ್ಕಳು ತಮ್ಮ ನೆನಪಿನಿಂದ ಹೇಳಿಕೊಟ್ಟರು. ಅವು ಅವ್ವನ ಪದಗಳೇ ಅಲ್ಲ, ಅವರವರ ಪದಗಳು. ಸಾಲು ಬೇರೆ, ಧಾಟಿ ಬೇರೆ. ಹಾಗೆಯೇ ಬರೆದುಕೊಂಡಿದ್ದೇನೆ. ಬರೆಯುವಾಗ ಅವರೂ ಬತ್ತಿ ಹೊಸೆಯುತ್ತಾರೆ. ಬೇಡ ಎನ್ನುವುದಿಲ್ಲ. ಯುಗಾದಿಗೆ ತಗಡು ಬಿಚ್ಚಿದಾಗ ಹಲ್ಲುಗಳ ನಡುವೆ ಒಂದಿಷ್ಟು ಬಿಳಿ ಎಳೆ ಸಿಗುತ್ತದೆ. ಬ್ರಷ್ಷಿನಿಂದ ಮೆಲ್ಲಗೆ ಎತ್ತಿ ತೆಗೆದು, ಯಂತ್ರವನ್ನು ಮತ್ತೆ ಮಣೆಯ ಮೇಲಿಡುತ್ತೇನೆ.